ದೇವರ ಫೋಟೋ ಹಿಂದಿದ್ದ ಸಮನ್ಸ್

ನಮ್ಮ ಚಿಕ್ಕಪ್ಪ ಟೈಲರ್. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದಾರೆ. ಇದು ಅವರ ಮೇಲೆ ಬಿದ್ದ ಸಾಲದ ಕೇಸಿನ ಕತೆ. ಬರೆಯಲಾ ಅಂತ ಅವರನ್ನೇ ಕೇಳಿದೆ. "ಬರಿಯಮ್ಮ, ಹೆಸರು ಮಾತ್ರ ಹಾಕಬೇಡ. ನಾನು ಮಾಡಿದ್ದನ್ನ ಇನ್ನೊಬ್ಬರು ಮಾಡೋದು ಬೇಡ" ಅಂದರು.

2024ರ ನವೆಂಬರ್. ಬೆಳಗ್ಗೆ ಹತ್ತೂವರೆಗೆ ಚಿಕ್ಕಮ್ಮನ ಫೋನ್ ಬಂತು. ಕೋರ್ಟಿಂದ ಅಮೀನರು ಬಂದಿದ್ದಾರೆ, ಹೊಲಿಗೆ ಮಿಷನ್ ಜಪ್ತಿ ಮಾಡ್ತಾರಂತೆ, ನಿಮ್ಮ ಚಿಕ್ಕಪ್ಪ ಬಾಯೇ ಬಿಡ್ತಿಲ್ಲ ಅಂತ ಅಳುತ್ತಿದ್ದರು. ನಾನು ಬೆಂಗಳೂರಿಂದ ಬಸ್ಸು ಹತ್ತಿ ಹೋಗುವ ಹೊತ್ತಿಗೆ ಅಮೀನರು ಪಟ್ಟಿ ಬರೆದುಕೊಂಡು ಹೋಗಿದ್ದರು. ಹೊಲಿಗೆ ಮಿಷನ್ ಎರಡು, ಇಂಟರ್‌ಲಾಕ್ ಮಿಷನ್ ಒಂದು, ಟಿವಿ, ಫ್ರಿಜ್. ಅವರನ್ನು ದೂರುವಂತಿಲ್ಲ. "ನಿಮ್ಮ ತಕರಾರು ಏನಿದ್ದರೂ ಬೇಗ ಕೋರ್ಟಲ್ಲಿ ಹೇಳಿಕೊಳ್ಳಿ" ಅಂತ ಒಳ್ಳೆ ಮಾತಲ್ಲೇ ಹೇಳಿ ಹೋಗಿದ್ದರು.

ಮದುವೆ ಸೀಸನ್ ಅದು. ಮೇಜಿನ ಮೇಲೆ ಬ್ಲೌಸ್ ಪೀಸುಗಳ ಗುಡ್ಡ. ಒಂದೊಂದಕ್ಕೂ ಒಂದು ಚೀಟಿ ಗುಂಡುಪಿನ್ನಿನಲ್ಲಿ ಚುಚ್ಚಿತ್ತು. ಚೀಟಿಯಲ್ಲಿ ಹೆಸರು, ಅಳತೆ, ಕೊಡಬೇಕಾದ ತಾರೀಕು. ಚಿಕ್ಕಪ್ಪ ಯಾರಿಗೂ ತಾರೀಕು ತಪ್ಪಿಸುವವರಲ್ಲ. ಅಂಥವರು ಕೋರ್ಟಿನ ತಾರೀಕು ಹೇಗೆ ತಪ್ಪಿಸಿದರು ಅಂತ ನನಗೆ ಅರ್ಥವೇ ಆಗಲಿಲ್ಲ.

"ಮೊದಲೇನಾದರೂ ಕಾಗದ ಬಂದಿತ್ತಾ ಚಿಕ್ಕಪ್ಪ?" ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಸ್ಟೂಲ್ ಹತ್ತಿ ಗೋಡೆ ಮೇಲಿನ ಮಂಜುನಾಥ ಸ್ವಾಮಿ ಫೋಟೋ ಹಿಂದಿನಿಂದ ಮಡಚಿದ ಕಾಗದ ತೆಗೆದು ಕೊಟ್ಟರು. ಸಮನ್ಸ್. ನಾಲ್ಕು ಮೂಲೆಯಲ್ಲೂ ಗೋಂದಿನ ಕಲೆ. 2022ರಲ್ಲಿ ಮನೆ ಬಾಗಿಲಿಗೆ ಅಂಟಿಸಿ ಹೋಗಿದ್ದು. ಬೀದಿಯವರು ನೋಡುವ ಮೊದಲು ಕಿತ್ತು, ನೀಟಾಗಿ ಮಡಚಿ, ದೇವರ ಹಿಂದೆ ಇಟ್ಟಿದ್ದರು. ಚಿಕ್ಕಮ್ಮನಿಗೂ ಹೇಳಿರಲಿಲ್ಲ.

ಅದರಲ್ಲಿ ಅಚ್ಚಾಗಿದ್ದುದನ್ನು ನಾನು ಅಲ್ಲೇ ನಿಂತು ಓದಿದೆ. ಇಂಥ ದಿನ, ಇಷ್ಟು ಗಂಟೆಗೆ, ಖುದ್ದಾಗಿಯೋ ವಕೀಲರ ಮೂಲಕವೋ ಹಾಜರಾಗಬೇಕು. ತಪ್ಪಿದರೆ ನೀವಿಲ್ಲದೆಯೇ ದಾವೆ ತೀರ್ಮಾನ ಆಗುತ್ತದೆ. ಅದೇ ಆಗಿತ್ತು. 2023ರಲ್ಲಿ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಒಂದೇ ಕಡೆಯವರ ಮಾತು ಕೇಳಿ ಕೋರ್ಟ್ ಕೊಟ್ಟ ತೀರ್ಪು. 1,18,000 ರೂಪಾಯಿ, ಅದರ ಮೇಲೆ ಬಡ್ಡಿ ಮತ್ತು ಕೋರ್ಟ್ ಖರ್ಚು.

ಸಾಲ ಸುಳ್ಳಲ್ಲ. 2018ರಲ್ಲಿ ಇಂಟರ್‌ಲಾಕ್ ಮಿಷನ್‌ಗೆ, ಅಂಗಡಿ ರಿಪೇರಿಗೆ ಅಂತ ಒಂದು ಫೈನಾನ್ಸಿನಲ್ಲಿ ಒಂದು ಲಕ್ಷ ತೆಗೆದಿದ್ದರು. ತಿಂಗಳಿಗೆ 3,900ರಂತೆ ಹದಿನಾರು ಕಂತು ಸರಿಯಾಗಿ ಕಟ್ಟಿದ್ದರು. ಆಮೇಲೆ ಲಾಕ್‌ಡೌನ್. ಮದುವೆ ಇಲ್ಲ, ಜಾತ್ರೆ ಇಲ್ಲ, ಸ್ಕೂಲ್ ಯೂನಿಫಾರಂ ಇಲ್ಲ. ಕಂತು ನಿಂತಿತು. ಆದರೂ ವಸೂಲಿ ಹುಡುಗ ಅಂಗಡಿಗೆ ಬಂದಾಗಲೆಲ್ಲ ಎರಡು ಸಾವಿರ, ಮೂರು ಸಾವಿರ ಅಂತ ಕೈಗೆ ಕೊಟ್ಟಿದ್ದರು. ರಸೀದಿ ಇದೆಯಾ ಅಂತ ಕೇಳಿದೆ. ಬಿಸ್ಕತ್ತಿನ ತಗಡಿನ ಡಬ್ಬ ತಂದು ಮುಂದಿಟ್ಟರು. ಗುಂಡಿ, ಹುಕ್ಕು, ಮುರಿದ ಸೂಜಿಗಳ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ ಒಂಬತ್ತು ರಸೀದಿ. ಕೂಡಿದೆ. 21,500 ರೂಪಾಯಿ.

ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ಈ 21,500ರ ಸುಳಿವೇ ಇರಲಿಲ್ಲ. ಹುಡುಗ ಕಟ್ಟಲಿಲ್ಲವೋ, ಕಂಪನಿಯವರು ಜಮಾ ಮಾಡಲಿಲ್ಲವೋ ಗೊತ್ತಿಲ್ಲ. ಜಡ್ಜ್ ಮುಂದೆ ಇದ್ದದ್ದು ಒಂದೇ ಕಡೆಯ ಕಾಗದ. ಈ ಡಬ್ಬ ಅವತ್ತು ಕೋರ್ಟಿಗೆ ಹೋಗಿದ್ದರೆ ಡಿಕ್ರಿಯ ಮೊತ್ತವೇ ಬೇರೆ ಆಗುತ್ತಿತ್ತು.

ಅದಕ್ಕೇ ಈ ಪೋಸ್ಟ್ ಬರೆಯುತ್ತಿದ್ದೇನೆ. ನಮ್ಮ ಜನ ಸಾಲದ ಕೇಸುಗಳಲ್ಲಿ ವಾದ ಮಾಡಿ ಸೋಲುತ್ತಿಲ್ಲ. ಹೋಗದೇ ಸೋಲುತ್ತಿದ್ದಾರೆ. "ಸಾಲ ಮಾಡಿದ್ದು ನಿಜ ತಾನೇ, ಹೋಗಿ ಏನಂತ ಹೇಳೋದು" ಅನ್ನುವ ನಾಚಿಕೆ. ಸಾಲ ನಿಜ ಅಂದ ಮಾತ್ರಕ್ಕೆ ಅವರು ಕೇಳುವ ಮೊತ್ತವೂ ನಿಜ ಅಂತಲ್ಲ. ಅಸಲೆಷ್ಟು, ಕಟ್ಟಿದ್ದೆಷ್ಟು, ಬಡ್ಡಿ ಯಾವ ದರಕ್ಕೆ, ದಂಡ ಎಷ್ಟು, ಇದೆಲ್ಲ ಕೇಳುವುದು ಸಾಲಗಾರನ ಹಕ್ಕು. ದಂಡವನ್ನು ಬಡ್ಡಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲೇ ಹೇಳಿದೆ, 2024ರಿಂದ ಜಾರಿಗೂ ಬಂದಿದೆ. ಲೆಕ್ಕ ಕೇಳುವವರು ಕೋರ್ಟಿನಲ್ಲಿ ಇದ್ದರೆ ತಾನೇ ಇಂಥ ನಿಯಮ ಉಪಯೋಗಕ್ಕೆ ಬರೋದು?

ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲರು ಸಿಕ್ಕರು. ಫೀಸಿಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮುಖ ನೋಡಿ ಮಾತಾಡುವವರಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಕ್ಸ್‌ಪಾರ್ಟಿ ಡಿಕ್ರಿ ರದ್ದು ಮಾಡಿ ಅಂತ ಅರ್ಜಿ ಹಾಕಬಹುದು, ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 9, ರೂಲ್ 13. ಡಿಕ್ರಿ ಆದ ಮೂವತ್ತು ದಿನದೊಳಗೆ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯೇ ಆಗದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ ಮೂವತ್ತು ದಿನ. "ಆದರೆ ಸಮನ್ಸ್ ನಿಮ್ಮ ಕೈಗೆ ಸಿಕ್ಕಿದೆ. ಸಿಕ್ಕಿಲ್ಲ ಅಂತ ನಾನು ಸುಳ್ಳು ಅಫಿಡವಿಟ್ ಹಾಕಿಸುವುದಿಲ್ಲ" ಅಂದರು. ಚಿಕ್ಕಪ್ಪನೂ "ಬೇಡಮ್ಮ" ಅಂದರು. ತಡಕ್ಕೆ ಕಾರಣ ಹೇಳಿ ಅರ್ಜಿ ಹಾಕಿದೆವು. ಅದು ವಜಾ ಆಯಿತು.

"ರಸೀದಿ ತೋರಿಸಿದರೆ ಈಗ ಕಡಿಮೆ ಮಾಡಲ್ವಾ?" ಅಂತ ನಾನು ಕೇಳಿದೆ. ಅಮಲ್ಜಾರಿ, ಅಂದರೆ ಡಿಕ್ರಿಯಂತೆ ವಸೂಲಿ ನಡೆಸುವ ಕೋರ್ಟ್ ಡಿಕ್ರಿಯ ಹಿಂದಕ್ಕೆ ಹೋಗುವಂತಿಲ್ಲವಂತೆ. ಡಿಕ್ರಿ ಆದ ಮೇಲೆ ಕಟ್ಟಿದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತದೆ. ಅದಕ್ಕೂ ಮೊದಲು ಕಟ್ಟಿದ್ದನ್ನು ದಾವೆ ನಡೆಯುವಾಗಲೇ ಹೇಳಬೇಕಿತ್ತು. ಒಂಬತ್ತು ರಸೀದಿಯನ್ನೂ ಮೇಜಿನ ಮೇಲೆ ಜೋಡಿಸಿದ್ದ ಚಿಕ್ಕಪ್ಪ ಒಂದೊಂದಾಗಿ ಎತ್ತಿಕೊಂಡು ಮತ್ತೆ ರಬ್ಬರ್ ಬ್ಯಾಂಡ್ ಹಾಕಿದರು. ಆ ಕೈ ನೋಡಿ ನನಗೆ ಹೊಟ್ಟೆ ಉರಿದುಹೋಯಿತು.

ಮಿಷನ್ ಮಾತ್ರ ಉಳಿಯಿತು. ಅದೇ ಕೋಡಿನ 60ನೇ ಸೆಕ್ಷನ್‌ನಲ್ಲಿ ಯಾವುದನ್ನು ಜಪ್ತಿ ಮಾಡುವಂತಿಲ್ಲ ಅನ್ನುವ ದೊಡ್ಡ ಪಟ್ಟಿ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ರೂಢಿ ಪ್ರಕಾರ ಹೆಣ್ಣುಮಕ್ಕಳು ಮೈಮೇಲಿಂದ ತೆಗೆಯಬಾರದ ಒಡವೆ, ಅಂದರೆ ತಾಳಿಯಂಥದ್ದು. ಕುಶಲಕರ್ಮಿಯ ಉಪಕರಣ. ರೈತನಾದರೆ ಅವನ ನೇಗಿಲು ನೊಗ, ಬೇಸಾಯಕ್ಕೆ ಬೇಕಾದ ದನ, ಬಿತ್ತನೆ ಬೀಜ. ಈ ಕಾನೂನು 1908ರದ್ದು. ದುಡಿಯುವ ಕೈಯಿಂದ ಉಪಕರಣ ಕಿತ್ತರೆ ಸಾಲ ತೀರುವುದು ಹೇಗೆ ಅನ್ನುವ ಬುದ್ಧಿ ಬ್ರಿಟಿಷರ ಕಾಲದಲ್ಲೇ ಇತ್ತು. ನಮ್ಮ ವಕೀಲರು ಅದನ್ನೇ ಎತ್ತಿ ಅರ್ಜಿ ಹಾಕಿದರು. ಹೊಲಿಗೆ ಮಿಷನ್ ಎರಡೂ, ಇಂಟರ್‌ಲಾಕ್ ಮಿಷನ್ನೂ ಪಟ್ಟಿಯಿಂದ ಹೊರಬಂದವು. ಟಿವಿ, ಫ್ರಿಜ್ ಪಟ್ಟಿಯಲ್ಲೇ ಉಳಿದವು.

ಸಂಬಳದ ವಿಷಯವೂ ಹೇಳಿಬಿಡುತ್ತೇನೆ, ಇದನ್ನು ಓದುವವರಲ್ಲಿ ಜಾಸ್ತಿ ಜನ ಸಂಬಳದವರೇ. ಪೂರ್ತಿ ಸಂಬಳ ಹಿಡಿಯಲು ಬರುವುದಿಲ್ಲ. ಮೊದಲ ಸಾವಿರ ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ, ಇಷ್ಟನ್ನು ಮುಟ್ಟುವಂತಿಲ್ಲ. 25,000 ಸಂಬಳ ಇದ್ದರೆ 17,000 ನಿಮ್ಮದು, 8,000ದವರೆಗೆ ಹಿಡಿಯಬಹುದು. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ.

ಚಿಕ್ಕಮ್ಮನ ದೊಡ್ಡ ಭಯ ಜೈಲು. "ಇವರನ್ನ ಒಳಗೆ ಹಾಕ್ತಾರಂತೆ" ಅಂತ ಯಾರೋ ತಲೆ ತುಂಬಿದ್ದರು. ಸಿವಿಲ್ ಡಿಕ್ರಿಗೆ ಬಂಧನ ಇಲ್ಲವೇ ಇಲ್ಲ ಅಂತಲ್ಲ, ಕಾನೂನಿನಲ್ಲಿ ಇದೆ. ಆದರೆ ದುಡ್ಡಿದ್ದೂ ಕೊಡದೆ ಸತಾಯಿಸುತ್ತಿದ್ದಾನೆ ಅಥವಾ ಆಸ್ತಿ ಬಚ್ಚಿಡುತ್ತಿದ್ದಾನೆ ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ಬರೀ ಬಡತನಕ್ಕೆ ಜೈಲಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಹಣದ ಡಿಕ್ರಿಗೆ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ. ಸ್ವಸಹಾಯ ಸಂಘದ ಸಾಲಕ್ಕೆ ಹೆದರಿ ರಾತ್ರಿ ನಿದ್ದೆ ಬಿಟ್ಟಿರುವ ಅಕ್ಕಂದಿರಿಗೆ ಯಾರಾದರೂ ಈ ಒಂದು ಮಾತು ಹೇಳಿ.

ಚೆಕ್ ಬೌನ್ಸ್ ಕೇಸ್ ಮಾತ್ರ ಪೂರ್ತಿ ಬೇರೆ. ಅದು ಕ್ರಿಮಿನಲ್. ಅಲ್ಲಿ ಸಮನ್ಸ್ ಬಂದೂ ಹೋಗದೆ ಕೂತರೆ ವಾರಂಟ್ ಬರುತ್ತದೆ. ಪೊಲೀಸರು ಮನೆ ಬಾಗಿಲಿಗೇ ಬರುತ್ತಾರೆ. ಅದಕ್ಕೆ ಮೊದಲು ಲಾಯರ್ ನೋಟಿಸ್ ಬಂದಿರುತ್ತದೆ, ಅದು ಕೈಗೆ ಬಂದ ಹದಿನೈದು ದಿನದಲ್ಲಿ ದುಡ್ಡು ಕಟ್ಟಿದರೆ ಕೇಸೇ ಹುಟ್ಟುವುದಿಲ್ಲ. ನೋಟಿಸಿಗೆ ಉತ್ತರ ಕೊಡುವುದೂ ಬಹಳ ಮುಖ್ಯ. ಸಾಲ ಕೊಡುವಾಗ ಸಹಿ ಮಾಡಿದ ಖಾಲಿ ಚೆಕ್ ತಗೊಳ್ಳುವುದು ನಮ್ಮಲ್ಲಿ ಮಾಮೂಲು ಆಗಿಬಿಟ್ಟಿದೆ. "ಖಾಲಿ ಚೆಕ್ ಕೊಟ್ಟಿದ್ದೆ ಸ್ವಾಮಿ" ಅಂದರೆ ಅಷ್ಟಕ್ಕೇ ಕೋರ್ಟ್ ಬಿಡುವುದಿಲ್ಲ, ಸಹಿ ನಿಮ್ಮದಾದರೆ ಸಾಲ ಇದೆ ಅಂತಲೇ ಊಹಿಸಿಕೊಳ್ಳುತ್ತದೆ. ಹಾಗಂತ ದಾರಿ ಇಲ್ಲದಿಲ್ಲ. ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು. ಅಷ್ಟು ದುಡ್ಡು ಸಾಲ ಕೊಡುವ ಶಕ್ತಿ ಇತ್ತು ಅಂತ ಕೊಟ್ಟವರಿಗೆ ತೋರಿಸಲು ಆಗಲಿಲ್ಲ. 2022ರ ಇನ್ನೊಂದು ತೀರ್ಪಿನ ಪ್ರಕಾರ, ಚೆಕ್ ಕೊಟ್ಟ ಮೇಲೆ ಸ್ವಲ್ಪ ಸಾಲ ತೀರಿಸಿದ್ದರೆ, ಅದನ್ನು ಕಳೆಯದೆ ಪೂರ್ತಿ ಮೊತ್ತಕ್ಕೆ ಚೆಕ್ ಹಾಕಿದರೆ ಆ ಅಪರಾಧವೇ ನಿಲ್ಲುವುದಿಲ್ಲ. ಇಲ್ಲೂ ಮತ್ತೆ ಅದೇ, ಕಟ್ಟಿದ್ದಕ್ಕೆ ರಸೀದಿ ಬೇಕು, ಹೋಗಿ ಹೇಳುವ ಬಾಯಿ ಬೇಕು.

ದಿನಗಳ ಲೆಕ್ಕ ಗೊತ್ತಿರಬೇಕು. ಸಾಮಾನ್ಯ ದಾವೆಯಲ್ಲಿ ಸಮನ್ಸ್ ಸಿಕ್ಕ ಮೂವತ್ತು ದಿನದಲ್ಲಿ ಲಿಖಿತ ಹೇಳಿಕೆ ಕೊಡಬೇಕು, ಕಾರಣ ಹೇಳಿದರೆ ಕೋರ್ಟ್ ತೊಂಬತ್ತು ದಿನದವರೆಗೆ ಬಿಡುತ್ತದೆ. ಪ್ರೋನೋಟು, ಚೆಕ್ಕಿನ ಮೇಲೆ ಅದೇ ಕೋಡಿನ ಆರ್ಡರ್ 37ರ ದಾವೆ, ಅಂದರೆ ಬೇಗ ತೀರ್ಮಾನ ಆಗುವ ದಾವೆ ಹಾಕಿದ್ದರೆ ಹತ್ತೇ ದಿನ. ಹತ್ತು ದಿನದಲ್ಲಿ ಹಾಜರಿ ಹಾಕದಿದ್ದರೆ ಸೀದಾ ಡಿಕ್ರಿ. ಮನೆಯಲ್ಲಿ ನೀವಿಲ್ಲದಾಗ ಅಪ್ಪನೋ ಹೆಂಡತಿಯೋ ಸಹಿ ಹಾಕಿ ತಗೊಂಡರೂ ನಿಮಗೆ ಜಾರಿ ಆದಂತೆ. "ತಗೊಳ್ಳಲ್ಲ" ಅಂತ ಬಾಗಿಲು ಹಾಕಿಕೊಂಡರೂ ಅಷ್ಟೇ. ತಗೊಳ್ಳದಿದ್ದರೆ ಕೇಸ್ ನಿಲ್ಲುತ್ತದೆ ಅಂತ ಊರಲ್ಲಿ ದೊಡ್ಡವರೇ ಹೇಳಿಕೊಡುತ್ತಾರೆ. ದಯವಿಟ್ಟು ನಂಬಬೇಡಿ.

ಇನ್ನು ಹಳೇ ಸಾಲ. ಒತ್ತೆ ಇಡದ ಕೈಸಾಲ, ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ಅದಾದ ಮೇಲೆ ಹಾಕಿದರೆ ಅವಧಿ ಮೀರಿದೆ ಅನ್ನುವುದು ಗಟ್ಟಿ ತಕರಾರು. ಆದರೆ ಆ ಮೂರು ವರ್ಷ ಮುಗಿಯುವ ಮೊದಲು ಸಾಲ ಬಾಕಿ ಇದೆ ಅಂತ ಬರೆದು ಸಹಿ ಹಾಕಿಕೊಟ್ಟರೆ ಎಣಿಕೆ ಮತ್ತೆ ಮೊದಲಿನಿಂದ ಶುರು. ಮುಗಿದ ಮೇಲೂ "ಕೊಡುತ್ತೇನೆ" ಅಂತ ಸಹಿ ಹಾಕಿದರೆ ಅದೇ ಹೊಸ ಒಪ್ಪಂದ. "ಸುಮ್ನೆ ಒಂದು ಸಹಿ ಹಾಕಿ ಸರ್, ಆಫೀಸಿಗೆ ತೋರಿಸೋಕೆ" ಅಂತ ಯಾರಾದರೂ ಬಂದರೆ ಎರಡು ಸಲ ಓದಿ.

ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರು (ಆರ್ಬಿಟ್ರೇಟರ್) ತೀರ್ಪು ಕೊಡುವ ವ್ಯವಸ್ಥೆ. ಅದರ ನೋಟಿಸ್ ಬಗ್ಗೆ ನನಗೆ ಇನ್‌ಬಾಕ್ಸಿನಲ್ಲಿ ಕೇಳಿದವರೇ ಜಾಸ್ತಿ. ಸಾಲ ತಗೊಂಡಿದ್ದು ನಮ್ಮೂರಲ್ಲಿ, ವಿಚಾರಣೆ ಮಾತ್ರ ಬೇರೆ ರಾಜ್ಯದ ಯಾವುದೋ ನಗರದಲ್ಲಿ. ಇಂಗ್ಲಿಷಿನ ಕರಾರಿನ ಸಣ್ಣಕ್ಷರದಲ್ಲಿ ನಾವೇ ಸಹಿ ಹಾಕಿರುತ್ತೇವೆ. ಇದು ದೊಡ್ಡ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮೂರು ಸಾವಿರದ ಕಂತು ಕಟ್ಟಲಾಗದವರು ಇನ್ನೊಂದು ರಾಜ್ಯಕ್ಕೆ ಹೋಗಿ ವಾದ ಮಾಡುತ್ತಾರಾ? ವ್ಯಾಜ್ಯದಲ್ಲಿ ತನ್ನದೇ ಲಾಭ ಇರುವ ಕಡೆಯವರು ಒಬ್ಬರೇ ಕೂತು ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಹಾಗೆ ನೇಮಿಸಿದ್ದರೆ ಮೊದಲ ನೋಟಿಸಿಗೇ ಬರಹದಲ್ಲಿ ಆಕ್ಷೇಪ ಕಳಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. ತೀರ್ಪು ಬಂದಾಗಿದ್ದರೆ ಅದರ ಪ್ರತಿ ಕೈಗೆ ಬಂದ ಮೂರು ತಿಂಗಳೊಳಗೆ ಕೋರ್ಟಿಗೆ ಹೋಗಬೇಕು. ತಕ್ಕ ಕಾರಣ ಇದ್ದರೆ ಇನ್ನು ಮೂವತ್ತು ದಿನ ಸಿಗಬಹುದು, ಅದರಾಚೆ ಇಲ್ಲ.

ಕಿರುಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂತು, ಆಮೇಲೆ ಅದು ಕಾಯ್ದೆಯೂ ಆಯಿತು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಊರು ಬಿಟ್ಟು ಹೋದ ಕುಟುಂಬಗಳ ಸುದ್ದಿ ದಿನಾ ಓದುತ್ತಿದ್ದ ಕಾಲ ಅದು. ಒಳ್ಳೆ ಕೆಲಸ, ಮನಸಾರೆ ಮೆಚ್ಚುತ್ತೇನೆ. ಆದರೆ ಅದರಿಂದ ಎಲ್ಲ ಸಾಲ ಮನ್ನಾ ಆಯಿತು ಅಂತ ನಂಬಿ ಕೂತವರನ್ನು ನೋಡಿದ್ದೇನೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆಗಿರುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಅದರ ಹೊರಗಿವೆ. ಅವರು ಬಾಗಿಲಿಗೆ ಗೂಂಡಾಗಳನ್ನು ಕಳಿಸುವಂತಿಲ್ಲ, ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡಿಸುವಂತಿಲ್ಲ. ಆದರೆ ಕೋರ್ಟಿಗೆ ಹೋಗುವುದನ್ನು ಯಾವ ಕಾನೂನೂ ತಡೆಯುವುದಿಲ್ಲ. ಗೂಂಡಾಗೆ ಹೆದರುವ ನಮ್ಮವರು ಬಾಗಿಲಿಗೆ ಅಂಟಿಸಿದ ಕಾಗದಕ್ಕೆ ಅಷ್ಟು ಗಮನ ಕೊಡುವುದಿಲ್ಲ. ಮನೆ ಸಾಮಾನು ಹೋಗುವುದು ಆ ಕಾಗದದಿಂದ.

ಯಾರಾದರೂ "ಹಾಗಾದರೆ ಸಾಲ ತಗೊಂಡು ತೀರಿಸಬಾರದಾ?" ಅಂತ ಕೇಳಬಹುದು. ತೀರಿಸಬೇಕು. ಚಿಕ್ಕಪ್ಪ ಒಂದು ದಿನವೂ ಕೊಡಲ್ಲ ಅಂದವರಲ್ಲ. ಅವರ ಕೈಯಲ್ಲಿ ಕಟ್ಟಿಸಿಕೊಂಡ 21,500ನ್ನು ಇನ್ನೊಂದು ಸಲ ಕಟ್ಟಿಸಿಕೊಂಡರಲ್ಲ, ನನ್ನ ಸಿಟ್ಟು ಅದಕ್ಕೆ.

ಕೊನೆಗೆ 2025ರಲ್ಲಿ ಲೋಕ ಅದಾಲತ್‌ನಲ್ಲಿ ಮುಗಿಯಿತು. ಅದರ ಬಗ್ಗೆಯೂ ಒಂದು ಮಾತು. ಲೋಕ ಅದಾಲತ್ ನೋಟಿಸ್ ಅಂದರೆ ಶಿಕ್ಷೆ ಅಲ್ಲ, ರಾಜಿಗೆ ಕರೆ. ಒಪ್ಪದಿದ್ದರೆ ಒತ್ತಾಯ ಇಲ್ಲ, ಕೇಸ್ ಮೊದಲಿದ್ದ ಕಡೆಗೇ ವಾಪಸ್ ಹೋಗುತ್ತದೆ. ಆದರೆ ಒಪ್ಪಿ ಸಹಿ ಹಾಕಿದ ಮೇಲೆ ಅದೂ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ತಿಂಗಳಿಗೆ ಎಷ್ಟು ಕಟ್ಟಬಲ್ಲೆವು ಅಂತ ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಂಡು ಹೋದೆವು. ಕಂಪನಿಯವರು ಬಡ್ಡಿ, ಖರ್ಚು ಸೇರಿ ಒಂದೂವರೆ ಲಕ್ಷದ ಹತ್ತಿರ ಹೇಳಿದರು. ವಕೀಲರು ಒಂಬತ್ತು ರಸೀದಿ ತೆಗೆದು ಮೇಜಿನ ಮೇಲಿಟ್ಟರು. ಕಾನೂನಿನಲ್ಲಿ ಅವಕ್ಕೆ ಆಗ ಬೆಲೆ ಇರಲಿಲ್ಲ, ಆದರೂ ಕಂಪನಿಯ ಕಡೆಯವರು ಒಂದೊಂದನ್ನೂ ತಿರುಗಿಸಿ ನೋಡಿದರು. ಮಾತುಕತೆ ಆಗಿ 90,000ಕ್ಕೆ ನಿಂತಿತು. ತಿಂಗಳಿಗೆ 7,500, ಹನ್ನೆರಡು ಕಂತು. ಚಿಕ್ಕಮ್ಮ ಬೆಳಗ್ಗೆ ಗುಂಡಿ ಹಚ್ಚಿ, ಫಾಲ್ಸ್ ಹೊಲಿದು, ರಾತ್ರಿ ಹತ್ತರವರೆಗೂ ಕೂತು ಅಷ್ಟನ್ನೂ ಹೊಂದಿಸಿದರು.

ಉಚಿತ ವಕೀಲರು ಬೇಕಾದರೆ 15100ಕ್ಕೆ ಫೋನ್ ಮಾಡಿ, ಅಥವಾ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ವರಮಾನದ ಲೆಕ್ಕವೇ ಇಲ್ಲ. ಉಳಿದವರಿಗೆ ವರಮಾನ ಕಡಿಮೆ ಇದ್ದರೆ ಸಿಗುತ್ತದೆ. ನಿಮ್ಮ ಮೇಲೆ ಕೇಸ್ ಇದೆಯಾ ಅಂತ ಅನುಮಾನ ಇದ್ದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ನಿಮ್ಮ ಹೆಸರು ಹಾಕಿ ಹುಡುಕಬಹುದು. ವಾಟ್ಸ್ಆ್ಯಪಿನಲ್ಲಿ ಬರುವ ಸೀಲು ಹಾಕಿದ "ಕೋರ್ಟ್ ಆರ್ಡರ್" ನಿಜವೋ ಸುಳ್ಳೋ ಅನ್ನುವುದಕ್ಕೂ ಕೇಸ್ ನಂಬರ್ ಅಲ್ಲಿ ಹಾಕಿ ನೋಡಿದರೆ ಸುಳಿವು ಸಿಗುತ್ತದೆ.

ಕೊನೆಯ ಕಂತು ಕಟ್ಟಿದ ದಿನ ವಕೀಲರು ನಮ್ಮನ್ನು ಹಾಗೇ ಮನೆಗೆ ಕಳಿಸಲಿಲ್ಲ. ಕಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ, ಪೂರ್ತಿ ಚುಕ್ತಾ ಆಯಿತು ಅಂತ ಕೋರ್ಟಿನಲ್ಲಿ ದಾಖಲಾಗಬೇಕು ಅಂದರು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟ್ ಒಪ್ಪುವುದಿಲ್ಲ. ಡಿಕ್ರಿಗೆ ಹನ್ನೆರಡು ವರ್ಷ ಆಯಸ್ಸಿದೆ, ನಾಳೆ ಯಾರೋ ಹಳೇ ಫೈಲು ತೆಗೆದು ಮತ್ತೆ ಬರಬಹುದು. ಎರಡು ವಾಯಿದೆ ಹಿಡಿಯಿತು. ಎರಡಕ್ಕೂ ಚಿಕ್ಕಪ್ಪ ಹತ್ತು ಗಂಟೆಗೇ ಹೋಗಿ ಕೋರ್ಟ್ ಹಾಲಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಹೆಸರು ಕೂಗಿದಾಗ ಎದ್ದು ಒಳಗೆ ಹೋದರು. ಜಡ್ಜ್ ಕೇಳಿದ್ದು ಒಂದೇ ಪ್ರಶ್ನೆ, ಇಬ್ಬರೂ ಒಪ್ಪಿದ್ದೀರಾ ಅಂತ. ಎರಡು ನಿಮಿಷವೂ ಆಗಲಿಲ್ಲ. ಹೊರಗೆ ಬಂದ ಮೇಲೆ ಚಿಕ್ಕಪ್ಪ ನನ್ನ ಮುಖ ನೋಡಿ, "ಇಷ್ಟೇನಾ?" ಅಂದರು.